ನೋಟ ಪುಕ್ಕಟೆ, ಕಾಲಿಟ್ಟ ಬಂಡೆಗೆ ಮಾತ್ರ ಗ್ಯಾರಂಟಿ ಇಲ್ಲ!
ಗೋಕರ್ಣದ ಕುಡ್ಲೆ–ಓಂ ಗುಡ್ಡಗಳ ಮೇಲೆ ಒಂದು ಸುತ್ತು

ಗೋಕರ್ಣಕ್ಕೆ ಬರುವವರಲ್ಲಿ ಎರಡು ಜಾತಿ. ಒಂದು, ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಕೋಟಿತೀರ್ಥದಲ್ಲಿ ಮುಳುಗೆದ್ದು, ಒದ್ದೆ ಪಂಚೆಯಲ್ಲೇ ಮಹಾಬಲೇಶ್ವರನ ಕಡೆ ನಡೆಯುವವರು. ಇನ್ನೊಂದು, ಬೆಂಗಳೂರಿನಿಂದ ರಾತ್ರಿಯಿಡೀ ಕಾರು ಓಡಿಸಿಕೊಂಡು ಬಂದು, ರಥಬೀದಿಯ ಇಕ್ಕಟ್ಟಿನಲ್ಲಿ ಹಾರ್ನ್ ಹೊಡೆದು, ದೇವಸ್ಥಾನದ ಕಡೆ ಕತ್ತು ಕೂಡ ತಿರುಗಿಸದೆ ನೆಟ್ಟಗೆ ಗುಡ್ಡ ಏರುವವರು. ಮೊದಲಿನವರಿಗೆ ಊರು ಬೇಕು. ಎರಡನೆಯವರಿಗೆ ಊರು ಬೇಡ, ಕಡಲು ಬೇಕು. ಅದೂ ಎಂಥಾ ಕಡಲು? ಗಲಾಟೆ ಇಲ್ಲದ್ದು, ಜನ ಇಲ್ಲದ್ದು, ಮೇಲಿಂದ ನೋಡಿದರೆ ಫೋಟೋದಲ್ಲಿ ಚೆಂದ ಕಾಣುವಂಥದ್ದು.

ಅಂಥ ಕಡಲು ಇಲ್ಲಿ ಉಂಟು. ಇಲ್ಲ ಎಂದವರಾರು?

ಊರಿನ ದೊಡ್ಡ ಕಡಲತೀರದ ತೆಂಕು ತುದಿಗೆ ಒಂದು ಗುಡ್ಡ ಸಮುದ್ರಕ್ಕೆ ಮೂಗು ಚಾಚಿ ಕೂತಿದೆ. ಅದನ್ನು ದಾಟಿದರೆ ಕುಡ್ಲೆ. ಕುಡ್ಲೆಯ ಆಚೆ ಮತ್ತೊಂದು ಗುಡ್ಡ, ಅದರಾಚೆ ಓಂ ಬೀಚು. ಮತ್ತೆ ಗುಡ್ಡ, ಮತ್ತೆ ಹಾಫ್ ಮೂನ್. ಇನ್ನೊಂದು ಗುಡ್ಡ, ಪ್ಯಾರಡೈಸ್. ಅಲ್ಲಿಂದ ಮುಂದೆ ಬೇಲೆಕಾನ, ಕಡೆಗೆ ಅಘನಾಶಿನಿ ಹೊಳೆ ಕಡಲು ಸೇರುವ ತದಡಿ. ಮರಳಿನ ಒಂದು ಬಟ್ಟಲು, ಕಲ್ಲಿನ ಒಂದು ಗೋಡೆ, ಮತ್ತೆ ಬಟ್ಟಲು, ಮತ್ತೆ ಗೋಡೆ. ಈ ಕಲ್ಲಿನ ಗೋಡೆಗಳ ನೆತ್ತಿಗಳೇ ಈಗ ಎಲ್ಲರೂ ಹುಡುಕಿಕೊಂಡು ಬರುವ ‘ವ್ಯೂ ಪಾಯಿಂಟು’ಗಳು.

ಕುಡ್ಲೆಗೆ ಊರಿನಿಂದ ಅರ್ಧ ತಾಸಿನ ನಡಿಗೆ. ಓಂ ಬೀಚಿಗೆ ರಸ್ತೆಯಲ್ಲಿ ಸುಮಾರು ಆರು ಕಿಲೋಮೀಟರು; ಗುಡ್ಡದ ಮೇಲೆ ಕಾರು ನಿಲ್ಲಿಸಿ ಮೆಟ್ಟಿಲು ಇಳಿಯಬೇಕು. ಆ ಮೆಟ್ಟಿಲ ತಲೆಯಲ್ಲಿ ನಿಂತು ನೋಡಿದರೆ ಕೆಳಗೆ ಎರಡು ಅರ್ಧಚಂದ್ರ, ನಡುವೆ ಕಡಲಿಗೆ ತಲೆ ಹಾಕಿದ ಒಂದು ಬಂಡೆ. ಓಂಕಾರ ಬರೆದಂತೆ ಕಾಣುತ್ತದೆ ಎಂದು ಆ ಹೆಸರು. ಕೆಲವರಿಗೆ ಕಾಣುತ್ತದೆ, ಕೆಲವರಿಗೆ ಕಾಣುವುದಿಲ್ಲ. ಕಾಣದವರೂ ಕಂಡಂತೆ ತಲೆ ಆಡಿಸಿ ಫೋಟೋ ಹೊಡೆಸಿಕೊಳ್ಳುತ್ತಾರೆ.

ಮೋಟಾರಿಗೆ ಇಲ್ಲಿಗೇ ದಾರಿ ಮುಗಿಯಿತು. “ಅಣ್ಣಾ, ಮುಂದೆ ಕಾರು ಹೋಗುತ್ತಾ?” ಎಂದು ಕೇಳದ ಬೆಂಗಳೂರಿನವರಿಲ್ಲ. “ಕಾರೂ ಇಲ್ಲ, ಬೈಕೂ ಇಲ್ಲ ಮಾರಾಯ್ರೆ. ಕಾಲು, ಇಲ್ಲದಿದ್ರೆ ದೋಣಿ” ಎಂಬ ಉತ್ತರ ಇಲ್ಲಿನವರ ನಾಲಿಗೆ ತುದಿಯಲ್ಲೇ ಇರುತ್ತದೆ. ಆಚೆಯಿಂದ ತದಡಿ–ಬೇಲೆಕಾನದ ಕಡೆ ಬಂದರೂ ಕಡೆಯ ತುಂಡು ಕಾಲುದಾರಿಯೇ.

ಈ ಭಾಗದ ನಿಶ್ಶಬ್ದದ ಗುಟ್ಟು ಇಷ್ಟೇ. ಯಾವ ಇಲಾಖೆಯೂ ಯೋಜನೆ ಹಾಕಿ ಕಾಪಾಡಿದ್ದಲ್ಲ. ರಸ್ತೆ ಬರಲಿಲ್ಲ, ಅದಕ್ಕೆ ಉಳಿಯಿತು.

ಬೆಲೆ ಏರಿದ ಬಗೆ

ಮೊದಲು ಬಂದವರು ವಿದೇಶಿಯರು. ಗೋವೆಯಲ್ಲಿ ಜನ ಜಾಸ್ತಿ ಆಯಿತು ಎಂದು ತೆಂಕಲಿಗೆ ಇಳಿದ ಉದ್ದ ಕೂದಲಿನವರು. ಕುಡ್ಲೆಯ ಮಡಲಿನ ಗುಡಿಸಲುಗಳಲ್ಲಿ ತಿಂಗಳುಗಟ್ಟಲೆ ಬಿದ್ದುಕೊಂಡಿರುತ್ತಿದ್ದರು. ಕೊಡುತ್ತಿದ್ದ ಬಾಡಿಗೆ ಅಷ್ಟಕ್ಕಷ್ಟೆ. ಆದರೆ ತೆಂಗು, ನೆಲಗಡಲೆ, ಮೀನು ಬಿಟ್ಟರೆ ಬೇರೆ ಹುಟ್ಟುವಳಿ ಇಲ್ಲದ ಮನೆಗಳಿಗೆ ಅದೂ ದೊಡ್ಡದೇ. 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿತು. ಊರಿಂದ ಹತ್ತು ಕಿಲೋಮೀಟರು ಆಚೀಚೆ ‘ಗೋಕರ್ಣ ರೋಡ್’ ನಿಲ್ದಾಣ ಬಂತು. ಆಮೇಲೆ ಕಂಪ್ಯೂಟರ್ ಕಂಪನಿಗಳ ಹುಡುಗರ ಕಾಲ. ಶುಕ್ರವಾರ ರಾತ್ರಿ ಬಸ್ಸು ಹತ್ತಿ ಸೋಮವಾರ ಬೆಳಿಗ್ಗೆ ಕುರ್ಚಿಯಲ್ಲಿ ಕೂರುವವರು.

ಅವರ ಹಿಂದೆಯೇ ದುಡ್ಡಿನ ಗಿರಾಕಿಗಳು ಬಂದರು. ಈಗ ಗುಡ್ಡದ ಇಳಿಜಾರಿನಲ್ಲಿ ಯೋಗ, ಆಯುರ್ವೇದ, ಮೌನ ಎಲ್ಲವನ್ನೂ ಒಂದೇ ಬಿಲ್ಲಿನಲ್ಲಿ ಕೊಡುವ ವಸತಿಗಳಿವೆ. ಒಂದು ರಾತ್ರಿಗೆ ಅಲ್ಲಿ ಕೊಡುವ ಹಣದಲ್ಲಿ ಬೇಲೆಕಾನದ ಒಂದು ಮನೆಯ ತಿಂಗಳ ರೇಷನ್ನು, ಮಕ್ಕಳ ಫೀಸು ಎರಡೂ ಆದೀತು. ಯಾರೂ ಬೇಡ ಎನ್ನುವುದಿಲ್ಲ. ಅಡುಗೆಮನೆಯಲ್ಲಿ, ತೋಟದಲ್ಲಿ, ಬಟ್ಟೆ ಒಗೆಯುವಲ್ಲಿ ಇಲ್ಲಿಯವರಿಗೂ ಕೆಲಸ ಸಿಕ್ಕಿದೆ. ಆದರೆ ಜಾಗ ಕೊಟ್ಟವರ ಮಗ ಅದೇ ಜಾಗದ ಗೇಟಿನಲ್ಲಿ ಯೂನಿಫಾರ್ಮ್ ಹಾಕಿ ನಿಂತು ಸಲಾಮು ಹೊಡೆಯುವುದನ್ನು ನೋಡಿದಾಗ ಹಿರಿಯರಿಗೆ ಒಂಥರಾ ಆಗುತ್ತದೆ. ‘ಹೋಗ್ಲಿ ಬಿಡು, ಸಂಬಳ ತಪ್ಪದೆ ಬರ್ತದೆ’ ಎಂದು ತಮ್ಮನ್ನು ತಾವೇ ಸಮಾಧಾನ ಮಾಡಿಕೊಳ್ಳುತ್ತಾರೆ.

ಕಡಲ ದಡ ಯಾರಪ್ಪನ ಆಸ್ತಿಯೂ ಅಲ್ಲ. 1991ರಲ್ಲಿ ಕೇಂದ್ರ ಸರಕಾರ ಕರಾವಳಿ ನಿಯಂತ್ರಣ ವಲಯದ ಆಜ್ಞೆ ಹೊರಡಿಸಿತು. ಉಬ್ಬರದ ಗೆರೆಯಿಂದ 500 ಮೀಟರಿನವರೆಗೆ ಅದರ ಕಣ್ಣು. ಹಳ್ಳಿಗಾಡಿನಲ್ಲಿ ಮೊದಲ 200 ಮೀಟರು ಹೊಸದಾಗಿ ಏನೂ ಕಟ್ಟುವಂತಿರಲಿಲ್ಲ. 2019ರ ಹೊಸ ಆಜ್ಞೆಯಲ್ಲಿ ಜನ ದಟ್ಟವಾಗಿರುವ ಹಳ್ಳಿಗಳಿಗೆ ಅದನ್ನು 50 ಮೀಟರಿಗೆ ಇಳಿಸಿದರು. ಕಾಗದದ ಮೇಲಿನ ಈ ಗೆರೆ ಮರಳಿನ ಮೇಲೆ ಎಲ್ಲಿ ಬರುತ್ತದೆ ಎಂದು ಕೇಳಿದರೆ, ಅವರವರ ಬೇಲಿಯ ಹೊರಗೆ!

ಗುಡ್ಡ ಏರಿದವರ ಕಣ್ಣು

ಗುಡ್ಡದ ತುದಿಯಲ್ಲಿ ನಿಂತು ಕಡಲು ನೋಡುವುದು ಹೊಸ ಸಂಗತಿಯೇನಲ್ಲ. ರಂಪಣಿ ಬಲೆಯ ಕಾಲದಲ್ಲಿ ಈ ಕರಾವಳಿಯ ಉದ್ದಕ್ಕೂ ಕಡಲು ನೋಡುವುದೇ ಒಂದು ವಿದ್ಯೆ. ನೀರು ಒಂದು ಕಡೆ ಕಪ್ಪಿಟ್ಟಿದೆಯೋ, ಮೇಲೆ ಹಕ್ಕಿ ಗಲಾಟೆ ಹಾಕುತ್ತಿವೆಯೋ, ಅಲೆ ಇಲ್ಲದ ಕಡೆ ನೀರು ನಡುಗುತ್ತಿದೆಯೋ ನೋಡಿ ಬಂಗಡೆಯ ಹಿಂಡೋ ತಾರ್ಲೆಯ ಹಿಂಡೋ ಎಂದು ಹೇಳಬಲ್ಲ ಮುದುಕರಿದ್ದರು. ಅವರ ಕೈ ಎತ್ತಿದರೆ ದೋಣಿ ಹೊರಡುತ್ತಿತ್ತು, ಊರಿಗೆ ಊರೇ ಬಲೆಯ ಹಗ್ಗಕ್ಕೆ ಕೈ ಹಾಕುತ್ತಿತ್ತು. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದವು. ಹಿಂಡು ದಡಕ್ಕೆ ಬರುವ ಮೊದಲೇ ಆಳದಲ್ಲಿ ಬಾಚಿಕೊಂಡು ಹೋದವು. ರಂಪಣಿ ಕ್ರಮೇಣ ಮೂಲೆ ಸೇರಿತು. ನೋಡುವವರ ಕೆಲಸವೂ ಹೋಯಿತು.

ಈಗ ನೋಡುವವರು ಬೇರೆ. ಇವರಿಗೆ ಬೇಕಾದದ್ದು ಮೀನಲ್ಲ, ಮುಳುಗುವ ಸೂರ್ಯ. ಡಿಸೆಂಬರಿನಲ್ಲಿ ಆರು ಗಂಟೆ ದಾಟಿದ ಕೂಡಲೇ ಕುಡ್ಲೆಯ ಮೇಲಿನ ಗುಡ್ಡದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಸೂರ್ಯ ನೀರು ಮುಟ್ಟುತ್ತಾನೆ, ಯಾರೋ ಚಪ್ಪಾಳೆ ಹೊಡೆಯುತ್ತಾರೆ, ಎಲ್ಲರೂ ಹೊಡೆಯುತ್ತಾರೆ. ಸೂರ್ಯನಿಗೆ ಅಭ್ಯಾಸ ಆಗಿರಬೇಕು. ನೋಟ ಚೆಂದವೇ, ಸುಳ್ಳು ಹೇಳಬಾರದು. ಬಿಸಿಲಿಗೆ ಒಣಗಿ ಹೊನ್ನಿನ ಬಣ್ಣ ಆದ ಹುಲ್ಲು, ಅದರ ಕೆಳಗೆ ಕಪ್ಪು ಬಂಡೆ, ಅದರ ಕೆಳಗೆ ಬೆಳ್ಳಿ ನೀರು. ಮಂಜಿಲ್ಲದ ದಿನ ಬಡಗಲ ಕಡೆ ಗಂಗಾವಳಿ ಹೊಳೆಯ ಅಳಿವೆಯವರೆಗೂ ಮರಳಿನ ಗೆರೆ ಕಣ್ಣಿಗೆ ಬೀಳುತ್ತದೆ. ಇಷ್ಟಕ್ಕೆ ಟಿಕೇಟಿಲ್ಲ. ಆ ಕಡೆ ಸಾವಿರಾರು ರೂಪಾಯಿ ಕೊಟ್ಟ ಕೋಣೆಯವನೂ ಈ ಕಡೆ ಬಸ್ಸಿನಲ್ಲಿ ಬಂದ ಹುಡುಗನೂ ಒಂದೇ ಬಂಡೆಯ ಮೇಲೆ ಕೂರುತ್ತಾರೆ.

ಬಂಡೆ ಮಾತ್ರ ಇಬ್ಬರನ್ನೂ ಒಂದೇ ಥರ ಜಾರಿಸುತ್ತದೆ.

2025ರ ಫೆಬ್ರುವರಿಯಲ್ಲಿ ತಮಿಳುನಾಡಿನಿಂದ ವೈದ್ಯಕೀಯ ವಿದ್ಯಾರ್ಥಿಗಳ ಒಂದು ತಂಡ ಇಲ್ಲಿಗೆ ಬಂದಿತ್ತು. ಓದು ಮುಗಿಯಿತು ಎಂಬ ಸಂತೋಷಕ್ಕೆ ಹೊರಟವರು. ಜಟಾಯು ತೀರ್ಥದ ಬಳಿ, ಗುಡ್ಡದ ಕೆಳಗಿನ ಕಲ್ಲುಗಳ ಹತ್ತಿರ, ಇಬ್ಬರು ಹುಡುಗಿಯರು ಕಡಲ ಪಾಲಾದರು. ಅದಕ್ಕೆ ಎರಡು ತಿಂಗಳು ಮುಂಚೆ, 2024ರ ಡಿಸೆಂಬರಿನಲ್ಲಿ, ಇದೇ ಜಿಲ್ಲೆಯ ಮುರ್ಡೇಶ್ವರದಲ್ಲಿ ಮುಳಬಾಗಿಲ ಕಡೆಯ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಮುಳುಗಿದರು. ಪ್ರವಾಸಕ್ಕೆ ಬಂದ ಮಕ್ಕಳು. ಮುರ್ಡೇಶ್ವರದ ಬೀಚನ್ನು ಕೂಡಲೇ ಮುಚ್ಚಿದರು, ಶಿಕ್ಷಕರ ಮೇಲೆ ಕೇಸು ಆಯಿತು. ಆಗಬೇಕಾದದ್ದೇ. ಆದರೆ ಕೇಸು ಹಾಕುವುದು ಮುಳುಗಿದ ಮೇಲಿನ ಕೆಲಸ. ಮುಳುಗುವ ಮುಂಚಿನ ಕೆಲಸ ಯಾವುದು?

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಮೇಲುನಾಡಿನವರಿಗೆ, ಬಯಲುಸೀಮೆಯವರಿಗೆ ನೀರು ಅಂದರೆ ಕೆರೆ, ಬಾವಿ, ಕಾಲುವೆ. ನಿಂತ ನೀರು ಮೋಸ ಮಾಡಿದರೂ ಒಂದೇ ಥರ ಮಾಡುತ್ತದೆ. ಕಡಲು ಹಾಗಲ್ಲ. ಹತ್ತು ಅಲೆ ಪಾದ ಒದ್ದೆ ಮಾಡಿ ಹೋಗುತ್ತದೆ, ಹನ್ನೊಂದನೆಯದು ಎದೆಗೆ ಬಡಿಯುತ್ತದೆ. ಬಂಡೆಯ ಮೇಲೆ ಕಪ್ಪಗೆ ಒದ್ದೆ ಕಾಣುವಷ್ಟು ಎತ್ತರಕ್ಕೆ ಅಲೆ ಬಂದು ಹೋಗಿದೆ ಎಂದು ಅರ್ಥ. ಬಂದದ್ದು ಮತ್ತೆ ಬರುತ್ತದೆ. ಹಸಿರು ಹಾವಸೆ ಕಟ್ಟಿದ ಕಲ್ಲು ಎಣ್ಣೆ ಹಚ್ಚಿದ ಹಲಗೆ ಇದ್ದಂತೆ. ಸೆಲ್ಫಿ ತೆಗೆಯುವವನ ಬೆನ್ನು ಕಡಲಿಗೆ, ಮುಖ ಮೊಬೈಲಿಗೆ. ಕಡಲಿಗೆ ಬೆನ್ನು ಹಾಕಿ ನಿಲ್ಲುವುದನ್ನು ಹರಿಕಂತ್ರರ ಕೇರಿಯ ಐದು ವರ್ಷದ ಪೋರನೂ ಮಾಡಲಾರ.

ಮತ್ತೊಂದು, ಮರಳಿನ ಮೇಲಿನ ಮೋಸ. ಅಲೆ ದಡಕ್ಕೆ ತಂದು ಸುರಿದ ನೀರು ವಾಪಸು ಹೋಗಲು ಒಂದು ಗಂಡಿ ಹುಡುಕುತ್ತದೆ. ಬಂಡೆಯ ಬುಡದಲ್ಲೋ, ಮರಳು ತಗ್ಗಾದ ಕಡೆಯೋ ಆ ಗಂಡಿ ಇರುತ್ತದೆ. ಅಲ್ಲಿ ಅಲೆ ಒಡೆಯುವುದಿಲ್ಲ, ನೀರು ಸಪಾಟಾಗಿ ಕಾಣುತ್ತದೆ. ಈಜು ಬಾರದವರು ‘ಇಲ್ಲೇ ಸಲೀಸು’ ಎಂದು ಅಲ್ಲಿಗೇ ಇಳಿಯುತ್ತಾರೆ. ಸೆಳೆತಕ್ಕೆ ಸಿಕ್ಕಿದವರು ದಡದ ಕಡೆಗೇ ಕೈ ಬಡಿದು ಸೋಲುತ್ತಾರೆ. ದಡಕ್ಕೆ ಅಡ್ಡಲಾಗಿ, ಅಂದರೆ ಪಕ್ಕಕ್ಕೆ ಈಜಿದರೆ ಗಂಡಿಯಿಂದ ಹೊರಗೆ ಬೀಳಬಹುದು. ಈಜು ಬಾರದವರು ಒದ್ದಾಡದೆ ತೇಲಿಕೊಂಡು ಕೈ ಎತ್ತಬೇಕು. ಇದನ್ನು ಕನ್ನಡ, ಇಂಗ್ಲಿಷು, ಹಿಂದಿ, ತಮಿಳು, ತೆಲುಗು ಐದು ಭಾಷೆಯಲ್ಲಿ ಬರೆದು ಪ್ರತಿ ಇಳಿದಾರಿಯಲ್ಲಿ ನೆಡಲು ಎಷ್ಟು ಖರ್ಚಾದೀತು? ‘ಈಜುವುದನ್ನು ನಿಷೇಧಿಸಲಾಗಿದೆ’ ಎಂಬ ಒಂದು ತಗಡು ನೆಟ್ಟು ಕೈ ತೊಳೆದುಕೊಂಡರೆ ಯಾರು ಓದುತ್ತಾರೆ? ಆ ತಗಡಿಗೇ ಒರಗಿ ಫೋಟೋ ತೆಗೆಸಿಕೊಳ್ಳುತ್ತಾರೆ.

ಉಬ್ಬರ–ಇಳಿತದ ಲೆಕ್ಕವನ್ನೂ ಯಾರೂ ಹೇಳಿಕೊಡುವುದಿಲ್ಲ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಇವತ್ತಿನ ಹೊತ್ತಿಗಿಂತ ನಾಳೆ ಮುಕ್ಕಾಲು ತಾಸಿನ ಮೇಲೆ ತಡ. ಅಮಾವಾಸ್ಯೆ–ಹುಣ್ಣಿಮೆಗೆ ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಓಂ ಬೀಚಿನ ನಡುಬಂಡೆಗೆ, ಹಾಫ್ ಮೂನ್ ಆಚೆಯ ಕಲ್ಲುದಾರಿಗೆ ಇಳಿತದಲ್ಲಿ ಒಣಕಾಲಿನಲ್ಲಿ ಹೋದವರು ಉಬ್ಬರದ ಹೊತ್ತಿಗೆ ಮರಳಿ ಬರಲು ಹೊರಟರೆ ದಾರಿಯೇ ಇರುವುದಿಲ್ಲ. ದೋಣಿಯವರ ಬಳಿ ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳುವುದಕ್ಕೆ ನಾಚಿಕೆ! ಮೊಬೈಲಿಗೆ ಕೇಳುತ್ತಾರೆ, ಗುಡ್ಡದ ಹಿಂದೆ ಅದಕ್ಕೆ ಸಿಗ್ನಲ್ಲು ಸಿಕ್ಕರೆ ತಾನೆ?

ರಸ್ತೆ ಬೇಡ, ಹಗ್ಗ ಸಾಕು

ಪ್ರತಿ ಸಾವಿನ ಬೆನ್ನಿಗೂ ಎರಡು ಕೂಗು ಏಳುತ್ತದೆ. ಒಂದು, ‘ಎಲ್ಲ ಮುಚ್ಚಿಬಿಡಿ’. ಇನ್ನೊಂದು, ‘ಅಭಿವೃದ್ಧಿ ಮಾಡಿ’. ಮುಚ್ಚುವುದು ಆಗದ ಮಾತು. ಗುಡ್ಡಕ್ಕೆ ಬೀಗ ಇಲ್ಲ. ಸೀಸನ್ನಿನ ನಾಲ್ಕೈದು ತಿಂಗಳ ದುಡಿಮೆಯಲ್ಲಿ ವರ್ಷ ನೂಕುವ ದೋಣಿಯವರು, ಎಳನೀರಿನವರು, ಮಲ್ಲಿಗೆ–ತರಕಾರಿ ಬುಟ್ಟಿ ಹೊತ್ತು ಬರುವ ಹಾಲಕ್ಕಿ ಹೆಂಗಸರು, ಆಟೋದವರು ಎಲ್ಲಿಗೆ ಹೋಗಬೇಕು? ಜೂನ್–ಜುಲೈಯ 61 ದಿನ ಯಾಂತ್ರಿಕ ಬೋಟುಗಳಿಗೆ ಹೇಗೂ ರಜೆ. ಆ ಮಳೆಗಾಲ ಕಳೆಯುವುದು ಈ ಬೇಸಿಗೆಯ ಕಾಸಿನಿಂದಲೇ.

‘ಅಭಿವೃದ್ಧಿ’ ಎಂಬ ಶಬ್ದಕ್ಕೆ ಇನ್ನೂ ಹೆಚ್ಚು ಹೆದರಬೇಕು. ನಮ್ಮ ಕಡೆ ಅಭಿವೃದ್ಧಿ ಎಂದರೆ ಮೊದಲು ಜೆಸಿಬಿ. ಗುಡ್ಡವನ್ನು ನೆಟ್ಟಗೆ ಕಡಿ, ಅಗಲ ಮಾಡು, ಟಾರು ಹಾಕು. ಚಿರೇಕಲ್ಲು, ಕೆಂಪು ಮಣ್ಣಿನ ಗುಡ್ಡಗಳ ಬುಡ ಕಡಿದರೆ ಏನಾಗುತ್ತದೆ ಎಂಬುದನ್ನು ಕಲಿಯಲು ಯಾರೂ ಪುಸ್ತಕ ಓದಬೇಕಿಲ್ಲ. 2024ರ ಜುಲೈ 16ರ ಬೆಳಿಗ್ಗೆ ಇಲ್ಲಿಂದ ದೂರವಲ್ಲದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಇಳಿದು ಬಂತು. ಚಹಾ ಕುಡಿಯುತ್ತ ನಿಂತವರು, ಲಾರಿಗಳು, ಅಂಗಡಿ, ಮನೆ ಎಲ್ಲವನ್ನೂ ಗಂಗಾವಳಿಗೆ ತಳ್ಳಿತು. ಕೇರಳದ ಲಾರಿ ಚಾಲಕನೊಬ್ಬನ ದೇಹ ಹೊಳೆಯಿಂದ ಮೇಲೆ ಬಂದದ್ದು ಸೆಪ್ಟೆಂಬರಿನಲ್ಲಿ. ಆ ಊರಿನ ಪಕ್ಕದಲ್ಲೇ ಕೂತು, ಓಂ ಬೀಚಿನಾಚೆಯ ಗುಡ್ಡಕ್ಕೂ ರಸ್ತೆ ಕಡಿಯಬೇಕು ಎಂದು ಯಾರಾದರೂ ಅರ್ಜಿ ಬರೆದರೆ ಅದಕ್ಕೆ ಏನೆನ್ನಬೇಕು?

ರಸ್ತೆ ಬಂದ ದಿನ ನಿಶ್ಶಬ್ದ ಹೋಗುತ್ತದೆ, ನಿಶ್ಶಬ್ದ ಹೋದ ಮರುವರ್ಷ ದುಡ್ಡಿನ ಗಿರಾಕಿಯೂ ಹೋಗುತ್ತಾನೆ. ಉಳಿಯುವುದು ಬಿಸ್ಲೇರಿ ಬಾಟ್ಲಿ, ಒಡೆದ ಬಿಯರ್ ಗಾಜು. ಈಗಲೇ ಅದಕ್ಕೇನು ಬರ ಇಲ್ಲ.

ಬೇಕಾದದ್ದು ಸಣ್ಣ ಸಣ್ಣದು. ಕಾಲುದಾರಿ ಕಾಲುದಾರಿಯಾಗಿಯೇ ಇರಲಿ. ಜಾರುವ ಕಡೆ ನಾಲ್ಕು ಕಂಬ, ಒಂದು ದಪ್ಪ ಹಗ್ಗ. ಕೂತು ನೋಡುವ ಜಾಗ ಇಲ್ಲಿಯವರೆಗೆ, ಇದರಾಚೆ ಬೇಡ ಎಂದು ಬಂಡೆಯ ಮೇಲೆ ಒಂದು ಬಿಳಿ ಗೆರೆ. ಅವತ್ತಿನ ಉಬ್ಬರ–ಇಳಿತದ ಹೊತ್ತನ್ನು ಸೀಮೆಸುಣ್ಣದಲ್ಲಿ ಬರೆಯುವ ಒಂದು ಹಲಗೆ. ಸಂತೆ ದರ ಬರೆದಂತೆ. ಮರಳಿನ ಮೇಲೆ ಸೀಟಿ ಊದುವ ಜೀವರಕ್ಷಕ ಹುಡುಗರಿದ್ದಾರೆ, ಎಷ್ಟೋ ಜನರನ್ನು ಎಳೆದು ತಂದಿದ್ದಾರೆ. ಆದರೆ ಅವರು ಕೆಳಗೆ, ಜಾರುವವರು ಮೇಲೆ. ಗುಡ್ಡದ ಮೂಗಿನಲ್ಲಿ ಸಂಜೆ ಎರಡು ತಾಸು ಒಬ್ಬ ನಿಂತರೆ ಸಾಕು. ಅದಕ್ಕೆ ಹಳೆಯ ರಂಪಣಿ ಮನೆತನದವರಿಗಿಂತ ಲಾಯಕ್ಕಾದವರು ಯಾರು? ಕಡಲು ನೋಡುವ ಕಣ್ಣು ಅವರ ರಕ್ತದಲ್ಲೇ ಉಂಟು. ಕೋಣೆ ಬಾಡಿಗೆಯ ಮೇಲೆ ವಸೂಲಾಗುವ ತೆರಿಗೆಯಲ್ಲಿ ಇಷ್ಟು ಸಂಬಳ ಹುಟ್ಟದೇ?

ಜನ ಕಡಿಮೆ ಇರುವ ನೋಟ ಬೇಕೆನ್ನುವವರಿಗೆ ಬೇರೆ ಜಾಗಗಳೂ ಇವೆ. ಊರ ಪಕ್ಕದ ರಾಮತೀರ್ಥಕ್ಕೆ ಹೋಗಬಹುದು. ಕಡಲಿನಿಂದ ಕೂಗಳತೆಯಲ್ಲಿ ಗುಡ್ಡದ ಒಡಲಿಂದ ಸಿಹಿನೀರು ಸುರಿಯುತ್ತದೆ, ಮೇಲಿನ ಮೆಟ್ಟಿಲಲ್ಲಿ ಕೂತರೆ ಇಡೀ ದೊಡ್ಡ ಬೀಚು ಕಾಣುತ್ತದೆ. ಮಳೆಗಾಲದಲ್ಲಿ ಬಂದವರು ಬಂಡೆಯ ಸಹವಾಸ ಬಿಟ್ಟು ಮಿರ್ಜಾನ ಕೋಟೆಗೆ ಹೋಗಲಿ. ಮೆಣಸಿನ ರಾಣಿ ಚೆನ್ನಭೈರಾದೇವಿಯ ಹೆಸರು ಹೊತ್ತ ಆ ಚಿರೇಕಲ್ಲಿನ ಬುರುಜುಗಳು ಹಸಿರು ಹೊದ್ದು ಕೂತಿರುತ್ತವೆ. ತದಡಿಗೆ ಹೋದರೆ ಬಾರ್ಜು ಹತ್ತಿ ಅಘನಾಶಿನಿ ಊರಿಗೆ ದಾಟಬಹುದು. ಇಳಿತದ ಹೊತ್ತಿನಲ್ಲಿ ಹೊಳೆಯ ಕೆಸರಿನಲ್ಲಿ ಸೊಂಟ ಬಗ್ಗಿಸಿ ಚಿಪ್ಪಿ ಹೆಕ್ಕುವವರು ಕಾಣುತ್ತಾರೆ. ಈ ಅಳಿವೆಯಲ್ಲೇ ಹಿಂದೆ 4,000 ಮೆಗಾವ್ಯಾಟಿನ ಕಲ್ಲಿದ್ದಲ ವಿದ್ಯುತ್ ಸ್ಥಾವರ ಹಾಕಲು ಹೊರಟಿದ್ದರು. ಜನ ಬೇಡ ಎಂದರು, ಅದು ನಿಂತಿತು. 2024ರಲ್ಲಿ ಇದೇ ಅಳಿವೆಯ 4,801 ಹೆಕ್ಟೇರು ರಾಮ್ಸಾರ್ ಪಟ್ಟಿಗೆ ಸೇರಿ ಜಗತ್ತಿನ ಲೆಕ್ಕಕ್ಕೆ ಬಂತು. ಚಿಮಣಿ ಬಂದಿದ್ದರೆ ಓಂ ಬೀಚಿನ ಮೌನಕ್ಕೆ ಇವತ್ತಿನ ರೇಟು ಇರುತ್ತಿತ್ತೇ? ರಿಸಾರ್ಟಿನವರು ಈ ಚಿಪ್ಪಿಯವರಿಗೆ ಒಂದು ಲೋಟ ಚಹಾ ಆದರೂ ಕುಡಿಸಬೇಕು.

ಮರಳಿ ಓಂ ಬೀಚಿನ ತಲೆಗೇ ಬಂದರೆ, ಸೂರ್ಯ ಮುಳುಗಿ ಅರ್ಧ ತಾಸಿಗೆ ಅಲ್ಲಿ ಪೂರ್ತಿ ಕತ್ತಲು. ಕಡೆಯ ದೋಣಿ ದಡಕ್ಕೆ ಎಳೆದಾಗಿರುತ್ತದೆ. ಕುಡ್ಲೆ ಕಡೆಯ ಕಾಲುದಾರಿಯಲ್ಲಿ ಮೊಬೈಲ್ ಬೆಳಕುಗಳು ಮಿಣುಕು ಹುಳದಂತೆ ಒಂದೊಂದಾಗಿ ಬರುತ್ತವೆ; ಚಪ್ಪಲಿ ಕೈಯಲ್ಲಿ, ಮೊಣಕಾಲು ಕೆರೆದುಕೊಂಡವರು, ನಗುವವರು, ಒಬ್ಬರನ್ನೊಬ್ಬರು ಕರೆಯುವವರು. ಕಾರುಗಳು ದೀಪ ಹಾಕಿಕೊಂಡು ತಿರುಗುತ್ತವೆ. ಎಳನೀರು ಮಾರುವ ಹೆಂಗಸು ಕತ್ತಿ, ಸ್ಟ್ರಾ ಕಟ್ಟು ಚೀಲಕ್ಕೆ ತುಂಬುತ್ತಾಳೆ. ಮಧ್ಯಾಹ್ನ ಬಂದ ಗುಂಪು ಎಷ್ಟು ಜನ ಇತ್ತು ಎಂಬುದು ಅವಳಿಗೆ ನೆನಪಿರುತ್ತದೆ, ಕಾಯಿ ಕೆತ್ತಿ ಕೊಟ್ಟವಳಲ್ಲವೇ. ಮೇಲೆ ಬಂದವರನ್ನು ತಲೆ ಎಣಿಸಿ ಕೇಳುತ್ತಾಳೆ:

“ತಮ್ಮಾ, ಏಳು ಜನ ಹೋಗಿದ್ರಿ. ಇಬ್ರು ಎಲ್ಲಿ?”

“ಹಿಂದೆ ಬರ್ತಾ ಇದಾರೆ ಅಕ್ಕಾ.”

ಅವಳು ಚೀಲವನ್ನು ಮತ್ತೆ ಕೆಳಗಿಟ್ಟು, ಅವರು ಬರುವವರೆಗೆ ಕಟ್ಟೆಯ ಮೇಲೆ ಕೂರುತ್ತಾಳೆ.